ಬಿಸಿಗಾಳಿಯ ಗವ್ರೀಲ

ಗವ್ರೀಲ್ ಮಾಡಿದ ತಪ್ಪು ಒಂದೇ. ಬುಧವಾರ ಸಂಜೆ ಫ್ಯೋಕ್ಲಾಳ ಅಂಗಡಿಗೆ ಹೋಗಿ ಅರ್ಧ ಕಿಲೋ ಮಿಠಾಯಿ ಕೊಂಡ. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳಲೂ ಬೇಸರಪಡುವ ಮನುಷ್ಯ, ಹೆಪ್ಪುಗಟ್ಟಿದ ಹಸಿಮೀನು ಹೆರೆದು ತಿಂದು ಮಲಗುವವನು, ಬಂಗಾರದ ಕಾಗದ ಸುತ್ತಿದ ಮಿಠಾಯಿಯೇ ಬೇಕೆಂದು ಆರಿಸಿ ತೂಗಿಸಿಕೊಂಡರೆ ಯಾವ ಅಂಗಡಿಯವಳು ಸುಮ್ಮನಿದ್ದಾಳು? ಅದರಲ್ಲೂ ಫ್ಯೋಕ್ಲಾ.

"ಯಾರಿಗಪ್ಪಾ ಇದು?"

"ಯಾರಿಗೂ ಇಲ್ಲ."

"ಯಾರಿಗೂ ಇಲ್ಲದೋರಿಗೆ ಅರ್ಧ ಕಿಲೋನಾ?"

ಗವ್ರೀಲನ ಕಿವಿ ಕೆಂಪಗಾಯಿತು. "ನಾಳೆ ವಿಮಾನಕ್ಕೆ ಹೊರಟಿದೀನಿ, ಫ್ಯೋಕ್ಲಾ. ಆಕುಲಿನಾನ ಕರ್ಕೊಂಡು ಬರೋಣ ಅಂತ. ದಯವಿಟ್ಟು ಯಾರಿಗೂ ಹೇಳ್ಬೇಡ."

"ನನ್ ಬಾಯಿಂದ ಒಂದ್ ಮಾತು ಹೊರಗೆ ಬಂದ್ರೆ ಕೇಳು," ಎಂದಳು ಫ್ಯೋಕ್ಲಾ. ಅವನು ಬಾಗಿಲು ಎಳೆದುಕೊಳ್ಳುವ ಮೊದಲೇ ಅವಳ ಕೈ ಫೋನಿನ ಮೇಲಿತ್ತು.

ಗವ್ರೀಲ್ ನಮ್ಮ ಮೂಸ್‌ಕ್ಯೋಲ್ ಊರಿನ ವಿಮಾನದ ಬಯಲಿನಲ್ಲಿ ಬಿಸಿಗಾಳಿ ಯಂತ್ರ ನೋಡಿಕೊಳ್ಳುವವನು. ಹಳೇ ಲಾರಿಯೊಂದರ ಬೆನ್ನ ಮೇಲೆ ಒಂದು ಒಲೆ, ಒಂದು ಫ್ಯಾನು, ಅದರಿಂದ ಇಳಿಬಿಟ್ಟ ಎರಡು ಬಟ್ಟೆಯ ಸೊಂಡಿಲು. ವಿಮಾನ ಇಳಿದು ಎಂಜಿನ್ ಆರಿಸಿತೋ, ಕೂಡಲೇ ಸೊಂಡಿಲನ್ನು ಎಂಜಿನ್ನಿನ ಬಾಯಿಗೆ ಸಿಕ್ಕಿಸಿ ಬಿಸಿಗಾಳಿ ಊದುತ್ತಿರಬೇಕು. ಇಲ್ಲವಾದರೆ ಒಳಗಿನ ಎಣ್ಣೆ ಗಟ್ಟಿಯಾಗಿ, ಆ ವಿಮಾನ ಹಿಮ ಕರಗುವವರೆಗೆ ನಮ್ಮೂರಿನ ಆಸ್ತಿಯಾಗುತ್ತದೆ. ಗವ್ರೀಲನ ಕೈಯಲ್ಲಿ ಹಾಗೆ ಒಂದು ವಿಮಾನವೂ ಸಿಕ್ಕಿಕೊಂಡಿರಲಿಲ್ಲ. ಅವನ ಹೆಮ್ಮೆಯೂ ಅದೇ, ಅವನ ಮನೆ ಹಾಳಾದದ್ದೂ ಅದರಿಂದಲೇ.

ಹೋದ ಚಳಿಗಾಲದಲ್ಲಿ ಎಂಜಿನ್ನಿಗೆ ಹೊದಿಸುವ ಹಚ್ಚಡ ಹರಿದುಹೋಗಿತ್ತು. ವಿಮಾನ ಒಂದು ರಾತ್ರಿ ಇಲ್ಲೇ ನಿಲ್ಲಬೇಕಾಗಿ ಬಂತು. ಗವ್ರೀಲ್ ಮನೆಗೆ ಓಡಿದ. ಜ್ವರದಲ್ಲಿ ಮಲಗಿದ್ದ ಹೆಂಡತಿ ಆಕುಲಿನಾಳ ಮೈಮೇಲಿಂದ, ಅವಳ ತಾಯಿ ಮದುವೆಗೆಂದು ಹೊಲಿದುಕೊಟ್ಟಿದ್ದ ಮೊಲದ ತುಪ್ಪಳದ ರಜಾಯಿಯನ್ನು ಎಳೆದುಕೊಂಡು ಬಂದು ಎಂಜಿನ್ನಿಗೆ ಹೊದಿಸಿದ. ಬೆಳಗ್ಗೆ ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಆಕುಲಿನಾ ಜ್ವರದಲ್ಲೇ ಎದ್ದು, ಅದೇ ವಿಮಾನ ಹತ್ತಿ, ಯಾಕೂತ್ಸ್ಕ್ ಪಟ್ಟಣದಲ್ಲಿರುವ ತಂಗಿಯ ಮನೆಗೆ ಹೊರಟುಹೋದಳು. ಆಮೇಲೊಮ್ಮೆ ಫೋನಿನಲ್ಲಿ ಗವ್ರೀಲ್, "ನಿನಗೆ ಒಲೆಯಾದ್ರೂ ಇತ್ತು, ಎಂಜಿನ್ನಿಗೆ ಯಾರಿದ್ರು ಹೇಳು?" ಎಂದುಬಿಟ್ಟ. ಅಷ್ಟರ ಮೇಲೆ ಅವಳು ಫೋನು ಎತ್ತುವುದನ್ನೂ ನಿಲ್ಲಿಸಿದಳು.

ಕಳೆದ ವಾರ ಅವಳೇ ಫೋನು ಮಾಡಿದ್ದಳು. "ವರ್ಷ ಮುಗಿಯೋದ್ರೊಳಗೆ ಒಂದ್ಸಲ ಆ ಯಂತ್ರ ಬಿಟ್ಟು ಮನುಷ್ಯನ ಹಾಗೆ ಬಾ. ಬಂದ್ರೆ ನಾನು ನಿನ್ ಜೊತೆ ವಾಪಸ್ ಬರ್ತೀನಿ. ಇಲ್ಲಾಂದ್ರೆ ನನಗೆ ಗಂಡ ಇಲ್ಲ, ನಿನಗೆ ಹೆಂಡ್ತಿ ಇಲ್ಲ, ಇಲ್ಲಿಗೆ ಮುಗೀತು."

ಈ ಗುರುವಾರದ್ದು ವರ್ಷದ ಕೊನೆಯ ವಿಮಾನ. ಮುಂಚಿನ ಎರಡು ಗುರುವಾರ ಮಂಜು ಮುಸುಕಿ ವಿಮಾನ ಬಂದೇ ಇರಲಿಲ್ಲ. ಇವತ್ತೂ ಬರದಿದ್ದರೆ ಗವ್ರೀಲನ ಸಂಸಾರ ಅಲ್ಲಿಗೆ ಮುಗಿದ ಹಾಗೆ.

ಬೆಳಗ್ಗೆ ಕತ್ತಲಲ್ಲೇ ಅವನು ಬಯಲಿಗೆ ಬಂದ. ಸೊನ್ನೆಗಿಂತ ಐವತ್ತೈದು ಡಿಗ್ರಿ ಕೆಳಗಿನ ಚಳಿ, ಗಾಳಿಯ ಸುಳಿವಿಲ್ಲ, ಆಕಾಶ ತೊಳೆದಿಟ್ಟ ಹಾಗಿತ್ತು. ಬಯಲಿನ ಅಧಿಕಾರಿ ಇನೋಕೆಂತಿ ರೇಡಿಯೋ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ. ನಮ್ಮಲ್ಲಿ ಅಧಿಕಾರಿಯೂ ಅವನೇ, ರೇಡಿಯೋದವನೂ ಅವನೇ, ಹವಾಮಾನ ನೋಡುವವನೂ ಅವನೇ. ಕಿಟಕಿಯಿಂದ ಬಯಲಿನ ಆಚೆ ತುದಿಯ ಬೇಲಿ ಕಂಡರೆ ಹವಾಮಾನ ಚೆನ್ನಾಗಿದೆ ಎಂದು ಲೆಕ್ಕ.

"ಬೇಲಿ ಕಾಣ್ತಿದೆ," ಎಂದ ಇನೋಕೆಂತಿ. "ಪಟ್ಟಣದಿಂದ ವಿಮಾನ ಹೊರಟಾಯ್ತು. ಇವತ್ತು ಎಂಜಿನ್ ಆರಿಸೋದೇ ಇಲ್ವಂತೆ. ಇಳಿಯೋರು ಇಳಿತಾರೆ, ಹತ್ತೋರು ಹತ್ತುತಾರೆ, ಹಾಗೇ ಹಾರಿಬಿಡುತ್ತೆ. ನಿನ್ ಯಂತ್ರಕ್ಕೆ ಕೆಲಸ ಇಲ್ಲ. ಸುಮ್ನೆ ಕೂತ್ಕೊಂಡು ಚಾ ಕುಡಿ."

"ಆರಿಹೋದ್ರೆ?"

"ಆರಲ್ಲಪ್ಪಾ."

"ಅಕಸ್ಮಾತ್ ಆರಿಹೋದ್ರೆ? ನನ್ ಯಂತ್ರ ಕಾಯೋಕೇ ಎರಡು ಗಂಟೆ ಬೇಕು. ಇವತ್ತೊಂದು ದಿನ ನಾನು ರಿಸ್ಕ್ ತಗೊಳಲ್ಲ, ಇನೋಕೆಂತಿ. ಇವತ್ತು ನಾನೇ ಅದ್ರಲ್ಲಿ ಕೂರ್ಬೇಕು."

ಹಾಗೆಂದು ಹೋಗಿ ಯಂತ್ರ ಹಚ್ಚಿದ. ಹೆಂಡತಿಗಾಗಿ ಯಂತ್ರ ಬಿಟ್ಟು ಹೊರಟವನು ಮೊದಲು ಮಾಡಿದ ಕೆಲಸ ಅದು. ಬಿಳಿ ಹೊಗೆ ಭುಸ್ಸೆಂದು ಎದ್ದು, ಎಲ್ಲಿಗೂ ಹೋಗದೆ ಲಾರಿಯ ಸುತ್ತಲೇ ನಿಂತುಕೊಂಡಿತು.

ಮೊದಲು ಬಂದವನು ಪಕ್ಕದ ಮನೆಯ ಅಫನಾಸಿ. ಕುದುರೆ ಸಾಕುವವನು. ಬ್ರೆಡ್ಡಿನಾಕಾರದ ತನ್ನ ವ್ಯಾನನ್ನು ಗುರುಗುಟ್ಟಿಸುತ್ತಲೇ ಬಯಲಿನ ಈಚೆ ಅಂಚಿಗೆ ನಿಲ್ಲಿಸಿ, ಒಳಗಿಂದ ಇಡೀ ಒಂದು ಕುದುರೆ ತೊಡೆಯನ್ನು ಹೆಗಲ ಮೇಲೆ ಹೊತ್ತು ತಂದ.

"ಗವ್ರೀಲಣ್ಣಾ, ಇದನ್ನ ರೇಡಿಯೋ ಕೋಣೇಲಿ ಒಲೆ ಪಕ್ಕ ಇಡ್ತೀನಿ."

"ಒಲೆ ಪಕ್ಕವಾ? ಕರಗಿಹೋಗುತ್ತೆ ಮಾರಾಯಾ. ಪಟ್ಟಣಕ್ಕೆ ಕಲ್ಲಿನ ಹಾಗೆ ಗಟ್ಟಿಯಾಗಿರೋದನ್ನಲ್ವಾ ಕಳಿಸೋದು? ಅಲ್ಲಿರೋ ನಿನ್ ಮಗಳಿಗೆ ತಾನೇ?"

ಅಫನಾಸಿ ಒಂದು ಕ್ಷಣ ತಡವರಿಸಿದ. "ಹ್ಞೂಂ, ಮಗಳಿಗೇ. ಮೆತ್ತಗಾದ್ರೆ ಬೇಗ ಬೇಯುತ್ತೆ ನೋಡು," ಎಂದು ಹಲ್ಲು ಬಿಟ್ಟ. ಗವ್ರೀಲನಿಗೆ ವಿಚಿತ್ರ ಅನಿಸಿತು. ಆದರೆ ಅಫನಾಸಿ ಹುಟ್ಟಿದಾಗಿನಿಂದ ವಿಚಿತ್ರವೇ.

ಅವನ ಬೆನ್ನಿಗೇ ಫ್ಯೋಕ್ಲಾ ಬಂದಳು. ಗಂಡನ ಕಾರು, ಗಂಡ, ಗಂಡನ ತಮ್ಮ, ನರಿ ತುಪ್ಪಳದ ಹೊಸ ಟೋಪಿ, ಟವೆಲ್ಲು ಸುತ್ತಿದ ಒಂದು ಪಾತ್ರೆ.

"ಬೆಣ್ಣೆ ಗಂಜಿ. ಬಿಸಿ ಇರುವಾಗ್ಲೇ ತಿನ್ಬೇಕು."

"ವಿಮಾನದಲ್ಲಾ?"

"ಎಲ್ಲಾದ್ರೂ ತಿನ್ನಪ್ಪಾ," ಎಂದು ಫ್ಯೋಕ್ಲಾ ಕಿಸಕ್ಕನೆ ನಕ್ಕು ಬಾಯಿಗೆ ಕೈ ಮುಚ್ಚಿಕೊಂಡಳು.

"ನೀನು ಯಾರಿಗೂ ಹೇಳಲ್ಲ ಅಂದಿದ್ದೆ."

"ಅಯ್ಯೋ, ನಾನೆಲ್ಲಿ ಹೇಳ್ದೆ? ಊರಿಗೂರೇ ಗೊತ್ತಿರೋದನ್ನ ಮತ್ತೆ ನಾನು ಹೇಳೋದೇನಿದೆ?"

ಸೂರ್ಯ ದಿಗಂತದ ಮೇಲೆ ಮೂಗು ತೋರಿಸುವ ಹೊತ್ತಿಗೆ ಊರಿನ ಅರ್ಧ ಜನ ಬಯಲಿನಲ್ಲಿದ್ದರು. ಒಬ್ಬೊಬ್ಬರ ಕೈಯಲ್ಲೂ ಏನಾದರೊಂದು ಗಂಟು. ಮೀನು, ಹೆಪ್ಪುಗಟ್ಟಿಸಿದ ಹಾಲಿನ ಬಿಲ್ಲೆ, ಯಾರದೋ ಅಜ್ಜಿ ಕಳಿಸಿದ ಹಣ್ಣಿನ ರಸ. ಗಂಟು ಕೊಟ್ಟವರು ಮನೆಗೆ ಹೋಗಬೇಕಲ್ಲ, ಯಾರೂ ಹೋಗಲಿಲ್ಲ. ಕಾರುಗಳೊಳಗೆ ಬೆಚ್ಚಗೆ ಕೂತು ಆಕಾಶ ನೋಡತೊಡಗಿದರು. ಒಂದು ಕಾರಿನ ಎಂಜಿನ್ನೂ ಆರಿರಲಿಲ್ಲ. ನಮ್ಮ ಕಡೆ ಚಳಿಗಾಲದಲ್ಲಿ ಕಾರು ಆರಿಸುವವನು ಒಂದೋ ಹುಚ್ಚ, ಇಲ್ಲವೇ ಅದನ್ನು ಮಾರಲು ಹೊರಟವನು.

ಗವ್ರೀಲನ ಕಣ್ಣು ತುಂಬಿ ಬಂತು. ರೆಪ್ಪೆ ಅಂಟಿಕೊಂಡದ್ದರಿಂದ ಬೆರಳಿನಿಂದ ಬಿಡಿಸಿಕೊಳ್ಳಬೇಕಾಯಿತು. ಇಷ್ಟು ವರ್ಷ ಎಲ್ಲರನ್ನೂ ಕಳಿಸಿಕೊಟ್ಟವನು ತಾನು. ತನ್ನನ್ನು ಕಳಿಸಿಕೊಡಲು ಇಷ್ಟು ಜನ ಬಂದರಲ್ಲ ಎಂದು ಅವನಿಗೆ ಎದೆ ಉಬ್ಬಿತು. ಅಷ್ಟರಲ್ಲಿ ಇನೋಕೆಂತಿ ಟೋಪಿಯಿಲ್ಲದೆ ಹೊರಗೆ ಓಡಿಬಂದ.

"ಗವ್ರೀಲ್! ಬೇಲಿ ಎಲ್ಲೋಯ್ತು?"

ಬೇಲಿ ಇರಲಿಲ್ಲ. ಬೇಲಿಯಷ್ಟೇ ಅಲ್ಲ, ಬಯಲಿನ ಅರ್ಧವೇ ಇರಲಿಲ್ಲ. ಕಾರುಗಳ ಹಿಂದಿನಿಂದ, ಲಾರಿಯ ಒಲೆಯಿಂದ, ಇಷ್ಟು ಜನರ ಬಾಯಿಂದ ಹೊರಟ ಹಬೆಯೆಲ್ಲ ಅಲ್ಲಲ್ಲೇ ಹೆಪ್ಪುಗಟ್ಟಿ, ಉಕ್ಕಿದ ಹಾಲಿನ ಹಾಗೆ ನೆಲದ ಮೇಲೆ ಹರಡಿಕೊಂಡಿತ್ತು. ತಲೆಯ ಮೇಲೆ ಮಾತ್ರ ಆಕಾಶ ನೀಲಿಯಾಗಿತ್ತು.

"ಈ ಕಾರುಗಳನ್ನ ಆರಿಸು, ಇಲ್ಲಾ ಓಡಿಸು. ವಿಮಾನ ಬರೋ ಹೊತ್ತಾಯ್ತು. ಬೇಲಿ ಕಾಣದೆ ನಾನು ಇಳಿಸೋಕೆ ಬಿಡಲ್ಲ," ಎಂದ ಇನೋಕೆಂತಿ.

ಗವ್ರೀಲ್ ಅಫನಾಸಿಯ ವ್ಯಾನಿಗೆ ಓಡಿದ. "ಅಫನಾಸಿ, ನಿನ್ ಕಾಲು ಹಿಡ್ಕೋತೀನಿ, ಎಂಜಿನ್ ಆರ್ಸು."

"ಆರ್ಸಿದ್ರೆ ಮೇ ತಿಂಗಳಲ್ಲಿ ಶುರುವಾಗುತ್ತೆ. ಅಲ್ಲೀವರೆಗೂ ನಾನು ಇಲ್ಲೇ ಸಂಸಾರ ಮಾಡ್ಲಾ?"

"ಹಾಗಾದ್ರೆ ಮನೆಗೆ ಹೋಗು."

"ಮನೆಗೆ ಹೋಗೋದಾ? ಇವತ್ತಾ?" ಅಫನಾಸಿ ಅವನನ್ನು ಕನಿಕರದಿಂದ ನೋಡಿದ. "ಮೊದಲು ಫ್ಯೋಕ್ಲಾಳ ಗಂಡನಿಗೆ ಹೇಳು. ಅವನದು ನನ್ನದಕ್ಕಿಂತ ಜಾಸ್ತಿ ಹೊಗೆ."

ಫ್ಯೋಕ್ಲಾಳ ಗಂಡ ಮೇಷ್ಟ್ರನ್ನು ತೋರಿಸಿದ. ಮೇಷ್ಟ್ರು ಸ್ಪಿರಿದೋನ್ ಕಾರಿನ ಕಿಟಕಿಯನ್ನು ಬೆರಳಗಲ ಇಳಿಸಿದರು.

"ನೋಡು ಗವ್ರೀಲ್, ಹೊಗೆಯಲ್ಲಿ ನೀರಿನ ಆವಿ ಇರುತ್ತೆ. ಈ ಚಳಿಗೆ ಅದು ಹರಳಾಗಿ ಗಾಳಿಯಲ್ಲೇ ನಿಂತುಬಿಡುತ್ತೆ. ಇದನ್ನ ನಾನು ಆರನೇ ತರಗತಿಗೇ ಪಾಠ ಮಾಡ್ತೀನಿ. ಜನಕ್ಕೆ ಬುದ್ಧಿ ಇಲ್ಲ ಅಂದ್ರೆ ಏನ್ ಮಾಡೋದು?"

"ಹಾಗಾದ್ರೆ ನಿಮ್ ಕಾರು ಆರಿಸಿ ಮೇಷ್ಟ್ರೇ."

"ನನ್ ಒಂದು ಕಾರಿಂದ ಏನಾಗುತ್ತೆ?" ಕಿಟಕಿ ಮೇಲೆ ಹೋಯಿತು.

ಗವ್ರೀಲ್ ಒಬ್ಬೊಬ್ಬರ ಬಾಗಿಲು ಬಡಿದ. ಬೇಡಿದ, ಬೈದ, ಕೊನೆಗೆ ಒಬ್ಬ ಮುದುಕಿಯ ಮುಂದೆ ಮಂಡಿಯೂರಿದ. ಕಡೆಗೂ ಎಲ್ಲರೂ ಒಂದು ಮಾತಿಗೆ ಬಂದರು. ಯಾರೂ ಆರಿಸುವುದು ಬೇಡ, ಯಾರೂ ಹೋಗುವುದೂ ಬೇಡ. ಒಂದೇ ಕಡೆ ನಿಂತರೆ ತಾನೇ ಮಂಜು? ನಿಧಾನಕ್ಕೆ ಬಯಲಿನ ಸುತ್ತ ಓಡಾಡುತ್ತಿದ್ದರೆ ಆಯಿತು! ಈ ಉಪಾಯ ಮೇಷ್ಟ್ರದೇ ಎಂದು ಆಮೇಲೆ ಕೆಲವರು ಹೇಳಿದರು, ಮೇಷ್ಟ್ರು ಒಪ್ಪಲಿಲ್ಲ.

ಕಾರುಗಳು ಒಂದರ ಹಿಂದೊಂದು ಮೆರವಣಿಗೆ ಹೊರಟವು. ಇದುವರೆಗೆ ಬಯಲಿನ ಒಂದು ಬದಿಗೆ ಮಾತ್ರ ಇದ್ದ ಮಂಜು ಈಗ ನಾಲ್ಕೂ ಬದಿಗೆ ಸಮನಾಗಿ ಹರಡಿತು. ಎರಡನೇ ಸುತ್ತಿಗೆ ಮುಂದಿನ ಕಾರು ಹಿಂದಿನದಕ್ಕೆ ಕಾಣದಾಯಿತು. ಮೂರನೇ ಸುತ್ತಿಗೆ ಅಫನಾಸಿ, ಕಳೆದುಹೋಗಿದ್ದ ಬೇಲಿಯನ್ನು ಪತ್ತೆ ಮಾಡಿದ. ಬೇಲಿ ಮುರಿದು ಬಿತ್ತು.

ಆಗ ಮೇಲಿನಿಂದ ಸದ್ದು ಕೇಳಿಸಿತು.

ಎಲ್ಲರೂ ಕಾರಿನಿಂದ ಇಳಿದು ತಲೆ ಎತ್ತಿದರು. ಏನೂ ಕಾಣಲಿಲ್ಲ. ಸದ್ದು ತಲೆಯ ಮೇಲೇ ಬಂದು, ದೂರ ಹೋಗಿ, ಮತ್ತೆ ಬಂತು. ರೇಡಿಯೋ ಕೋಣೆಯ ಬಾಗಿಲಲ್ಲಿ ನಿಂತು ಇನೋಕೆಂತಿ ಕೂಗಿದ:

"ಗವ್ರೀಲ್, ನಿನ್ ಯಂತ್ರ ಆರ್ಸು! ಓಡುದಾರಿ ಪಕ್ಕದಲ್ಲೇ ಹೊಗೆ ಬಿಡ್ತಿದೆ ಅದು. ಆರ್ಸಿದ್ರೆ ಒಂಚೂರಾದ್ರೂ ಕಂಡೀತು."

ಗವ್ರೀಲ್ ಲಾರಿಯತ್ತ ಓಡಿದ. ಹಿಡಿಕೆಯ ಮೇಲೆ ಕೈಯನ್ನೂ ಇಟ್ಟ. ಆದರೆ ಆ ಕೈ ತಿರುಗಲಿಲ್ಲ. ವಿಮಾನ ಆಕಾಶದಲ್ಲಿರುವಾಗ ಅವನು ಯಂತ್ರ ಆರಿಸಿದ್ದೇ ಇಲ್ಲ. ಇಳಿದ ಮೇಲೆ ಎಂಜಿನ್ ನಿಂತರೆ? ಬೆಚ್ಚಗಾಗಿಸಲು ಏನೂ ಇಲ್ಲದಿದ್ದರೆ? ಅದು ಇಲ್ಲೇ ಕಲ್ಲಾದರೆ ಆಕುಲಿನಾಳ ಹತ್ತಿರ ಹೋಗುವುದು ಹೇಗೆ? ಹೀಗೆ ಯೋಚಿಸುತ್ತ ಅವನು ನಿಂತೇ ಇದ್ದ, ಯಂತ್ರ ಊದುತ್ತಲೇ ಇತ್ತು. ಪಾಪ, ಅವನಿಗೆ ತಿಳಿದಿದ್ದ ಪ್ರೀತಿ ಅದೊಂದೇ ತರಹದ್ದು.

ಸದ್ದು ಮೂರನೇ ಸಲ ಬಂತು. ಆಮೇಲೆ ಸಣ್ಣದಾಯಿತು. ಆಮೇಲೆ ಕಾರುಗಳ ಗುರುಗುಟ್ಟು ಮಾತ್ರ ಉಳಿಯಿತು.

"ಹೋಯ್ತು," ಎಂದ ಇನೋಕೆಂತಿ. "ವಾಪಸ್ ಹೋಯ್ತು. ಇನ್ನು ಬರೋ ವರ್ಷವೇ."

ಗವ್ರೀಲ್ ಲಾರಿಯ ಮೆಟ್ಟಿಲ ಮೇಲೆ ಕುಸಿದು ಕೂತ. ತನ್ನ ಸಂಸಾರ ಮುಗಿಯಿತು ಎಂದುಕೊಂಡ. ಅಷ್ಟರಲ್ಲಿ ಫ್ಯೋಕ್ಲಾ ಹೊಸ ಟೋಪಿಯನ್ನು ಕಿತ್ತು ಹಿಮದ ಮೇಲೆ ಎಸೆದು, "ಅಯ್ಯೋ ನನ್ನಮ್ಮಾ, ಆಕುಲಿನಾ!" ಎಂದು ಗೋಳಾಡತೊಡಗಿದಳು.

"ನನಗಿಲ್ಲದ ದುಃಖ ನಿನಗ್ಯಾಕೆ?" ಎಂದ ಗವ್ರೀಲ್. "ಅವಳು ಅಲ್ಲಿ ತಂಗಿ ಮನೇಲಿ ಬೆಚ್ಚಗಿದಾಳೆ."

"ಎಲ್ಲಿ ತಂಗಿ ಮನೆ? ಅವಳು ಮೇಲಿದ್ಲು ಕಣೋ! ಅದೇ ವಿಮಾನದಲ್ಲಿ!"

ಅಫನಾಸಿ ಮುಖ ಬೇರೆ ಕಡೆ ತಿರುಗಿಸಿದ.

"ನಿನ್ನೆ ಸಂಜೆ ನಾನೇ ಫೋನ್ ಮಾಡ್ದೆ," ಎಂದು ಫ್ಯೋಕ್ಲಾ ಬಿಕ್ಕಿದಳು. "ಮಿಠಾಯಿ ಕೊಂಡ, ಯಂತ್ರ ಬಿಟ್ಟು ಬರ್ತಿದಾನೆ ಅಂದೆ. ಅತ್ತುಬಿಟ್ಲು. 'ಅವನು ಯಂತ್ರ ಬಿಟ್ಟು ಹೊರಟ ಅಂದ್ರೆ ನನಗಷ್ಟು ಸಾಕು. ಅವನು ಬರೋದೂ ಬೇಡ, ನಾನೇ ಬರ್ತೀನಿ. ಅವನಿಗೆ ಮಾತ್ರ ಹೇಳ್ಬೇಡ, ಇಳಿದಾಗ ಅವನ ಮುಖ ನೋಡ್ಬೇಕು' ಅಂದ್ಲು. ಅದಕ್ಕೇ ನಿನ್ನೊಬ್ಬನ್ನ ಬಿಟ್ಟು ಎಲ್ರಿಗೂ ಹೇಳ್ದೆ."

"ಎಲ್ರೂ ಬಂದಿದ್ದು..."

"ನಿನ್ ಮುಖ ನೋಡೋಕೆ."

"ಈ ಮಾಂಸ?"

"ಇವತ್ತು ರಾತ್ರಿ ನಿಮ್ಮನೆ ಊಟಕ್ಕೆ," ಎಂದ ಅಫನಾಸಿ, ನೆಲ ನೋಡುತ್ತ.

ಒಳಗಿನಿಂದ ಇನೋಕೆಂತಿ ಕರೆದ. ರೇಡಿಯೋದಲ್ಲಿ ಪೈಲಟ್ಟಿನ ದನಿ ಗರಗರ ಎನ್ನುತ್ತಿತ್ತು. "ಮೂಸ್‌ಕ್ಯೋಲ್, ಇಲ್ಲಿ ಒಬ್ಬ ಹೆಂಗಸು ನಮ್ಮ ಬಾಗಿಲಿಗೆ ಬಂದು ನಿಂತಿದಾಳೆ. ಕೂರಮ್ಮಾ ಅಂದ್ರೆ ಕೂರಲ್ಲ. ಬೆಟ್ಟದವರೆಗೂ ಎಲ್ಲಾ ಕಡೆ ತಿಳಿಯಾಗಿದೆ, ನಮ್ಮೂರ ಬಯಲಲ್ಲಿ ಮಾತ್ರ ಒಂದು ಬಿಳಿ ಗುಡ್ಡ ಕಾಣ್ತು, ಅದರ ನಡುವೆ ಬಿಸಿಗಾಳಿ ಯಂತ್ರ ಉರೀತಿತ್ತಾ ಅಂತ ಕೇಳ್ತಿದಾಳೆ. ಏನ್ ಹೇಳ್ಲಿ?"

ಇನೋಕೆಂತಿ ಗವ್ರೀಲನ ಮುಖ ನೋಡಿದ. "ಇಲ್ಲ ಅಂತೀನಿ. ಬರೀ ಕಾರಿನ ಹೊಗೆ ಅಂತೀನಿ. ಅವಳಿಗೇನು ಗೊತ್ತಾಗುತ್ತೆ?"

ಗವ್ರೀಲ್ ಬೇಡವೆಂದು ತಲೆಯಾಡಿಸಿದ. "ಉರೀತಿತ್ತು ಅಂತ ಹೇಳು."

ಇನೋಕೆಂತಿ ಹಾಗೇ ಹೇಳಿದ. ಮತ್ತೆ ಪೈಲಟ್ಟು: "ಹೇಳ್ದೆ. ನಗ್ತಿದಾಳೋ ಅಳ್ತಿದಾಳೋ ತಿಳೀತಿಲ್ಲ. 'ನಾನು ಬಂದಿದ್ದೆ ಅಂತ ಅವನಿಗೆ ಹೇಳಿ' ಅಂತಾಳೆ. ಇನ್ನೂ ಏನೋ ಹೇಳ್ತಿದಾಳೆ, ತಡೀರಿ..."

ಅಷ್ಟರಲ್ಲಿ ವಿಮಾನ ಬೆಟ್ಟದಾಚೆ ಹೋಯಿತು. ರೇಡಿಯೋದಿಂದ ಇನ್ನೇನೂ ಬರಲಿಲ್ಲ. ಗವ್ರೀಲ್ ಆ ಪೆಟ್ಟಿಗೆಗೆ ಕಿವಿ ಹಚ್ಚಿ ಬಹಳ ಹೊತ್ತು ನಿಂತಿದ್ದ. ಅವಳು ಆಮೇಲೆ ಏನೆಂದಳು ಎಂಬುದು ಪೈಲಟ್ಟಿಗೆ ಗೊತ್ತು, ದೇವರಿಗೆ ಗೊತ್ತು, ಗವ್ರೀಲನಿಗೆ ಗೊತ್ತಿಲ್ಲ. ಆ ಸಂಜೆ ಫೋನು ಮಾಡಿ ನೋಡಿದ, ಅವಳು ಎತ್ತಲಿಲ್ಲ.

ರೇಡಿಯೋ ಕೋಣೆಯಿಂದ ಹೊರಗೆ ಬಂದದ್ದೇ ಅವನು ಯಂತ್ರ ಆರಿಸಿದ. ಜನ ನಾಚಿಕೆಯಿಂದ ಒಬ್ಬೊಬ್ಬರಾಗಿ ಕಾರು ತಿರುಗಿಸಿ ಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಮಂಜು ನೆಲಕ್ಕಿಳಿಯಿತು. ಬಯಲು ಕಂಡಿತು, ಮುರಿದ ಬೇಲಿ ಕಂಡಿತು, ಅದರಾಚೆಗಿನ ಬೆಟ್ಟವೂ ಕಂಡಿತು. ನಾಲ್ಕು ವಿಮಾನ ಒಟ್ಟಿಗೆ ಇಳಿಯಬಹುದಾದಂಥ ಮಧ್ಯಾಹ್ನ ಅದು.

ಮೆತ್ತಗಾದ ಮಾಂಸವನ್ನು ಮತ್ತೆ ಹೆಪ್ಪುಗಟ್ಟಿಸಿದರೆ ರುಚಿ ಕೆಡುತ್ತದೆಯಂತೆ. ಆದ್ದರಿಂದ ಸಂಜೆ ಎಲ್ಲರೂ ಗವ್ರೀಲನ ಮನೆಗೇ ಬಂದರು. ಬೇಯಿಸಿದರು, ಬಡಿಸಿದರು, ಅವನ ಭುಜ ತಟ್ಟಿದರು, ತಾವೂ ಹೊಟ್ಟೆತುಂಬ ತಿಂದರು. ಗವ್ರೀಲ್ ಒಂದು ತುಂಡನ್ನು ಬಾಯಲ್ಲಿಟ್ಟುಕೊಂಡು ಅಗಿಯುವುದನ್ನೇ ಮರೆತು ಕೂತಿದ್ದ. ಹೊರಗೆ ನಿಲ್ಲಿಸಿದ್ದ ಕಾರುಗಳ ಹೊಗೆಗೆ ಕಿಟಕಿಯಿಂದ ಎದುರುಮನೆಯೂ ಕಾಣುತ್ತಿರಲಿಲ್ಲ.

"ನೀನೇನೂ ಹೆದರ್ಬೇಡ ಗವ್ರೀಲಣ್ಣಾ," ಎಂದಳು ಫ್ಯೋಕ್ಲಾ. "ಅವಳನ್ನ ಮತ್ತೆ ಒಪ್ಸೋ ಜವಾಬ್ದಾರಿ ನಂದು. ಬರೋ ವಿಮಾನಕ್ಕೆ ನಾವೆಲ್ಲಾ ಬೆಳಗಾಗೋಕ್ ಮುಂಚೇನೇ ಬಂದು ನಿಂತಿರ್ತೀವಿ. ಇವತ್ತು ಅರ್ಧ ಊರು ಬಂದಿತ್ತು, ಅವತ್ತು ಪೂರ್ತಿ ಬರುತ್ತೆ. ಪಕ್ಕದೂರಿಗೂ ಈಗ್ತಾನೆ ಫೋನ್ ಮಾಡಿದೀನಿ."

"ಯಾರೂ ಬರ್ಬೇಡಿ," ಎಂದ ಗವ್ರೀಲ್. ಅಳುವ ದನಿಯಲ್ಲಿ ಎರಡು ಸಲ ಅಂದ. "ನಿಮ್ ಕಾಲಿಗೆ ಬೀಳ್ತೀನಿ, ಯಾರೂ ಬರ್ಬೇಡಿ."

"ನೋಡಿದ್ರಾ, ಎಷ್ಟು ಸಂಕೋಚ ನಮ್ಮ ಗವ್ರೀಲಣ್ಣಂಗೆ!" ಎಂದು ಫ್ಯೋಕ್ಲಾ ಕಣ್ಣೊರೆಸಿಕೊಂಡಳು. ಅಫನಾಸಿ ಎದ್ದು ಟೋಪಿ ಹಾಕಿಕೊಂಡು, ಕಾರುಗಳು ಆರಿಹೋಗಿಲ್ಲವಷ್ಟೇ ಎಂದು ನೋಡಿ ಬರಲು ಹೊರಗೆ ಹೋದ.